ನಿತ್ಯ ಓಡಿಸುವ ಹಳೆಯ ಕಾರಿನ ವಿಮೆ

ತಯಾರಿಕೆ ನಿಂತುಹೋದ, ಹಲವು ದಶಕಗಳಷ್ಟು ಹಳೆಯದಾದ ಖಾಸಗಿ ಕಾರನ್ನು ಪ್ರದರ್ಶನಕ್ಕೆ ಇಡದೆ ದಿನದ ಓಡಾಟಕ್ಕೇ ಬಳಸುವವರು ಅದಕ್ಕೆ ಮಾಡಿಸುವ ಮೋಟಾರು ವಿಮೆ ಈ ಲೇಖನದ ವಿಷಯ. ಭಾರತದ ಕಾನೂನಿನಲ್ಲಿ ‘ವಿಂಟೇಜ್’ ಎಂಬ ನೋಂದಣಿಯೂ ನಿತ್ಯದ ಓಡಾಟವೂ ಒಂದೇ ಕಾರಿಗೆ ಒಟ್ಟಿಗೆ ದಕ್ಕುವುದಿಲ್ಲ. ಆದ್ದರಿಂದ ದಿನವೂ ರಸ್ತೆಗಿಳಿಯುವ ಹಳೆಯ ಕಾರು ವಿಮೆಯ ಲೆಕ್ಕದಲ್ಲಿ ಒಂದು ಸಾಮಾನ್ಯ ಖಾಸಗಿ ಕಾರು ಮಾತ್ರ. ಹೊಸ ಕಾರಿಗೆ ಬರೆದ ನಿಯಮಗಳನ್ನೇ ಹಳೆಯ ಕಾರಿಗೂ ಹೊಂದಿಸಿಕೊಳ್ಳಬೇಕಾಗುತ್ತದೆ. ಮಾಲೀಕ ನಷ್ಟ ಅನುಭವಿಸುವುದು ಹೆಚ್ಚಾಗಿ ಈ ಹೊಂದಾಣಿಕೆಯಲ್ಲಿ.

ಹಾವೇರಿ ಜಿಲ್ಲೆ ಹಿರೇಕೆರೂರು ತಾಲ್ಲೂಕಿನ ಹಂಸಭಾವಿಯಂಥ ಊರಿನಲ್ಲಿ ಹಳೆಯ ಕಾರು ಎಂದರೆ ಅರಮನೆಯ ರೋಲ್ಸ್‌ರಾಯ್ಸ್ ಅಲ್ಲ. ಅಂಥವನ್ನು ನೋಡಲು ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೋ ಹೋಗಬೇಕು. ಹಿರೇಕೆರೂರು, ಹಾನಗಲ್ಲ, ಶಿಗ್ಗಾವಿ, ಸವಣೂರು ಸೀಮೆಯಲ್ಲಿ ಹಳೆಯ ಕಾರು ಎಂದಾಗ ಕಣ್ಣಿಗೆ ಬರುವುದು ಹಿಂದುಸ್ತಾನ್ ಮೋಟರ್ಸ್ 1958ರಿಂದ 2014ರವರೆಗೆ ತಯಾರಿಸಿದ ಅಂಬಾಸಡರ್, 1974ರಲ್ಲಿ ‘ಪದ್ಮಿನಿ’ ಎಂದು ಹೆಸರಾದ ಪ್ರೀಮಿಯರ್ ಕಂಪನಿಯ ಫಿಯಟ್, ಮಹೀಂದ್ರ ಕಂಪನಿಯ ಪೆಟ್ರೋಲ್ ಜೀಪು, ಅಪರೂಪಕ್ಕೊಂದು ಸ್ಟ್ಯಾಂಡರ್ಡ್ ಹೆರಾಲ್ಡ್. ದವಾಖಾನೆಗೆ, ಸಂತೆಗೆ, ಬೀಗರ ಊರಿಗೆ ಹೋಗಿಬರಲು ಮನೆಯವರು ಇಟ್ಟುಕೊಂಡ ಗಾಡಿಗಳು ಇವು. ಇವುಗಳ ಬೆಲೆಯನ್ನು ಮಾರುಕಟ್ಟೆ ಒಂದು ರೀತಿ ಕಟ್ಟಿದರೆ ಮನೆಯವರು ಇನ್ನೊಂದು ರೀತಿ ಕಟ್ಟುತ್ತಾರೆ. ವಿಮಾ ಕಂಪನಿಗೆ ಗೊತ್ತಾಗುವುದು ಪಾಲಿಸಿಯಲ್ಲಿ ಬರೆಸಿದ ಅಂಕಿ ಮಾತ್ರ.

ಮೋಟಾರು ವಿಮೆ ಈ ನಾಡಿನಲ್ಲಿ ಕಡ್ಡಾಯವಾದದ್ದು ಸ್ವಾತಂತ್ರ್ಯಕ್ಕೆ ಸ್ವಲ್ಪ ಮೊದಲು. 1939ರ ಮೋಟಾರು ವಾಹನ ಕಾಯ್ದೆಯ ವಿಮೆಯ ಅಧ್ಯಾಯ 1946ರ ಜುಲೈ 1ರಂದು ಜಾರಿಗೆ ಬಂತು. ಆಗ ಹಂಸಭಾವಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ, 1997ರಲ್ಲಿ ಹೊಸ ಹಾವೇರಿ ಜಿಲ್ಲೆಗೆ ಬಂತು. ಹೀಗಾಗಿ ಈ ಭಾಗದ ಒಂದು ಹಳೆಯ ಕಾರಿನ ಕಾಗದಗಳಲ್ಲಿ ಮುಂಬೈ, ಮೈಸೂರು, ಕರ್ನಾಟಕ ಎಂಬ ಮೂರು ಆಡಳಿತಗಳ ಮುದ್ರೆ ಇರುವುದು ಸಾಧ್ಯ. ಕೆಎ ಸರಣಿ ಬಂದದ್ದು 1989ರಲ್ಲಿ. ಹಾವೇರಿಯ ಸಂಖ್ಯೆ ಕೆಎ 27. ಈಗ ಜಾರಿಯಲ್ಲಿರುವುದು 1988ರ ಕಾಯ್ದೆ. ಅದರ 146ನೆಯ ಕಲಮಿನಂತೆ ಮೂರನೆಯವರಿಗೆ ಆಗುವ ಹಾನಿಯ ವಿಮೆ ಇಲ್ಲದೆ ಯಾವ ವಾಹನವೂ ಸಾರ್ವಜನಿಕ ಸ್ಥಳದಲ್ಲಿ ಓಡುವಂತಿಲ್ಲ. ಕಾರಿನ ವಯಸ್ಸಿಗೆ ಇಲ್ಲಿ ವಿನಾಯಿತಿ ಇಲ್ಲ. 2019ರ ತಿದ್ದುಪಡಿಯ ನಂತರ ವಿಮೆ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಸೆರೆವಾಸಕ್ಕೂ ಅವಕಾಶವಿದೆ.

‘ವಿಂಟೇಜ್’ ಎಂಬ ಮಾತಿಗೆ ಮೂರು ಅಳತೆಗೋಲುಗಳಿವೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷ ತುಂಬಿದ, ಮೂಲ ಸ್ಥಿತಿ ಉಳಿಸಿಕೊಂಡ ವಾಹನವನ್ನು ಐತಿಹಾಸಿಕ ಎನ್ನುತ್ತದೆ. 2002ರ ಇಂಡಿಯಾ ಮೋಟರ್ ಟ್ಯಾರಿಫ್ ಪ್ರಕಾರ ವಿಂಟೇಜ್ ಕಾರು ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ದೃಢೀಕರಿಸಿದ ಕಾರು. ಅಂಥದಕ್ಕೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 25 ರಿಯಾಯಿತಿ ಇತ್ತು. ಕಾರಿನ ಬೆಲೆಯನ್ನು ಮೊದಲೇ ನಿಗದಿ ಮಾಡಿ, ನಷ್ಟವಾದರೆ ಅಷ್ಟನ್ನೂ ಕೊಡುವ ‘ಒಪ್ಪಿತ ಮೌಲ್ಯ’ದ ಪಾಲಿಸಿಯೂ ಅದಕ್ಕೆ ಮಾತ್ರ ಮೀಸಲಾಗಿತ್ತು. ಒಂದೇ ಒಂದು ಅಂಬಾಸಡರ್ ಕೂಡ ಈ ವ್ಯಾಖ್ಯೆಯೊಳಗೆ ಬರಲಾರದು. ಮೂರನೆಯದು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 81ಎ ಮುಂತಾದ ನಿಯಮಗಳು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗದ, ವ್ಯಾಪಾರಕ್ಕೆ ಬಳಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರಲ್ಲಿ ಬರುತ್ತವೆ. ಅಂಬಾಸಡರ್‌ಗೂ ಫಿಯಟ್‌ಗೂ ಬಾಗಿಲು ತೆರೆದದ್ದು ಈ ಮೂರನೆಯ ವ್ಯಾಖ್ಯೆ.

ಆದರೆ ಆ ಬಾಗಿಲಿಗೆ ಹೊಸ್ತಿಲೂ ಇದೆ. ವಿಂಟೇಜ್ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5,000 ರೂಪಾಯಿ. ಹಳೆಯ ಸಂಖ್ಯೆ ಇದ್ದರೆ ಅದೇ ಉಳಿಯುತ್ತದೆ. ಹೊಸದಾಗಿ ಕೊಡುವ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಅರ್ಜಿಯ ಜೊತೆ ಜಾರಿಯಲ್ಲಿರುವ ವಿಮಾ ಪಾಲಿಸಿ ಲಗತ್ತಿಸಬೇಕು. ಇಷ್ಟೆಲ್ಲ ಮುಗಿಸಿ ಪಟ್ಟ ಪಡೆದ ಕಾರು ರಸ್ತೆಗೆ ಇಳಿಯಬಹುದಾದ ಸಂದರ್ಭಗಳು ಮಾತ್ರ ಎಣಿಸಿದಷ್ಟು: ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಅಲ್ಲಿಗೆ ಹೋಗಿಬರುವ ದಾರಿ, ಪೆಟ್ರೋಲ್ ತುಂಬಿಸುವುದು ಮತ್ತು ದುರಸ್ತಿ. ನಿತ್ಯದ ಬಳಕೆಯನ್ನೂ ಬಾಡಿಗೆಯ ಬಳಕೆಯನ್ನೂ ನಿಯಮ ಸ್ಪಷ್ಟವಾಗಿ ನಿಷೇಧಿಸಿದೆ. ಜರ್ಮನಿಯಲ್ಲಿ 30 ವರ್ಷ ದಾಟಿದ ಕಾರಿಗೆ ‘ಎಚ್’ ಫಲಕ ಸಿಕ್ಕರೂ ಅದನ್ನು ದಿನವೂ ಓಡಿಸಬಹುದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿ ದೊಡ್ಡ ಮಾರ್ಪಾಡು ಕಾಣದ ಕಾರಿಗೆ 2018ರಿಂದ ವಾರ್ಷಿಕ ತಪಾಸಣೆಯೂ ಕಡ್ಡಾಯವಲ್ಲ. ಅಮೆರಿಕದ ಸಂಗ್ರಾಹಕರ ಪಾಲಿಸಿಗಳು ಭಾರತದ ನಿಯಮಕ್ಕೆ ಹತ್ತಿರ. ದಿನದ ಓಡಾಟಕ್ಕೆ ಬೇರೊಂದು ಕಾರು ಇರಬೇಕೆಂದು ಅವು ಸಾಮಾನ್ಯವಾಗಿ ಕೇಳುತ್ತವೆ. ಹಳೆಯ ಕಾರನ್ನು ಜೀವಂತವಾಗಿ ಉಳಿಸುವುದು ಓಡಾಟವೇ. ನಿಂತ ಕಾರಿನ ಬ್ರೇಕು ಹಿಡಿದುಕೊಳ್ಳುತ್ತದೆ, ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿಯುತ್ತದೆ. ಈ ದೃಷ್ಟಿಯಿಂದ ಜರ್ಮನಿಯ ಕ್ರಮ ಹೆಚ್ಚು ವಿವೇಕದ್ದು.

ಕಂತಿನ ಲೆಕ್ಕದಲ್ಲಿ ಈ ನಿಷೇಧದ ಪರಿಣಾಮ ನೇರವಾಗಿದೆ. ಮೂರನೆಯವರ ಹೊಣೆಯ ಕಂತನ್ನು ಕೇಂದ್ರ ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಖಾಸಗಿ ಕಾರಿಗೆ 1000 ಸಿಸಿವರೆಗೆ 2,094, 1000ದಿಂದ 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897 ರೂಪಾಯಿ. ವಿಂಟೇಜ್ ಎಂದು ನೋಂದಣಿಯಾದ ಕಾರಿಗೆ ಇದರಲ್ಲಿ ಅರ್ಧ. 948 ಸಿಸಿಯ ಹೆರಾಲ್ಡ್ ಮೊದಲ ವರ್ಗಕ್ಕೆ ಸೇರುತ್ತದೆ. 1089 ಸಿಸಿಯ ಪದ್ಮಿನಿಯೂ 1489 ಸಿಸಿಯ ಹಳೆಯ ಪೆಟ್ರೋಲ್ ಅಂಬಾಸಡರೂ ಎರಡನೆಯ ವರ್ಗದವು. ಇಸುಜು ಎಂಜಿನ್ನಿನ 1800 ಸಿಸಿ ಅಂಬಾಸಡರ್ ಮತ್ತು 2199 ಸಿಸಿಯ ಪೆಟ್ರೋಲ್ ಜೀಪು ಮೂರನೆಯ ವರ್ಗಕ್ಕೆ ಹೋಗುತ್ತವೆ. ನಿತ್ಯ ಓಡಿಸುವ ಹಳೆಯ ಅಂಬಾಸಡರ್‌ಗೆ ಹೀಗೆ 3,416 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ಸುಮಾರು 4,031 ರೂಪಾಯಿ ಬೀಳುತ್ತದೆ. ಮಾಲೀಕನ ಅಪಘಾತ ವಿಮೆಯ ಕಂತು ಬೇರೆ. 1,708 ರೂಪಾಯಿಯ ಅರ್ಧ ಕಂತಿನ ಆಸೆಗೆ ವಿಂಟೇಜ್ ಪಟ್ಟ ಪಡೆದು ದಿನವೂ ಸಂತೆಗೆ ಓಡಿಸುವುದು ನಿಯಮದ ಉಲ್ಲಂಘನೆ. ಅಪಘಾತವಾದಾಗ ಸ್ವಂತ ಹಾನಿಯ ಕ್ಲೇಮಿಗೆ ಆಕ್ಷೇಪ ಎತ್ತಲು ವಿಮಾ ಕಂಪನಿಗೆ ಅದೇ ದಾರಿ ಮಾಡಿಕೊಡುತ್ತದೆ.

ಆದ್ದರಿಂದ ನಿತ್ಯದ ಕಾರಿಗೆ ಸಾಮಾನ್ಯ ನೋಂದಣಿಯನ್ನೇ ಜೀವಂತವಾಗಿ ಇಟ್ಟುಕೊಳ್ಳಬೇಕು. ಖಾಸಗಿ ಕಾರಿನ ಆರ್‌ಸಿ ಅವಧಿ 15 ವರ್ಷ. ಆಮೇಲೆ ಕಾರನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನವೀಕರಿಸಬೇಕು. ಈ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಯಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000ಕ್ಕೆ ಏರಿತು. ಹಸಿರು ತೆರಿಗೆಯೂ ಆರು ತಿಂಗಳಿಗೊಮ್ಮೆ ಹೊಗೆ ತಪಾಸಣೆಯೂ ಇವೆ. ದೆಹಲಿ ಪ್ರದೇಶದಲ್ಲಿ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ವಾಹನಗಳಿಗೆ ಹಾಕಿದ ತಡೆ ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆ ಸುದ್ದಿ ಕೇಳಿ ಒಳ್ಳೆಯ ಕಾರನ್ನು ಗುಜರಿಗೆ ಹಾಕಬೇಕಾಗಿಲ್ಲ. ಆರ್‌ಸಿ ಅವಧಿ ಮುಗಿದಿದ್ದರೆ ಮಾತ್ರ ವಿಮೆ ಕಟ್ಟಿದ ಹಣವೂ ನೀರುಪಾಲಾಗಬಹುದು. ತಾತ್ಕಾಲಿಕ ನೋಂದಣಿಯ ಅವಧಿ ಮುಗಿದ ಮೇಲೆ ಅಪಘಾತಕ್ಕೀಡಾದ ಒಂದು ವಾಹನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ, ನೋಂದಣಿ ಇಲ್ಲದೆ ಓಡಿಸಿದ್ದು ಪಾಲಿಸಿಯ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು ಹೇಳಿ ಕ್ಲೇಮನ್ನು ನಿರಾಕರಿಸಿದ್ದನ್ನು ಎತ್ತಿಹಿಡಿಯಿತು.

ಹಳೆಯ ಕಾರಿನಲ್ಲಿ ಇನ್ನೊಂದು ತೊಡಕು ಹೆಸರಿನದು. ಕಾರು ಅಜ್ಜ ಕೊಂಡದ್ದು, ಈಗ ಓಡಿಸುವುದು ಮೊಮ್ಮಗ, ಆರ್‌ಸಿ ಇಂದಿಗೂ ತೀರಿಕೊಂಡ ಅಜ್ಜನ ಹೆಸರಿನಲ್ಲಿ. ಹಳ್ಳಿಗಳಲ್ಲಿ ಇದು ಅಪರೂಪವಲ್ಲ. ಏಜೆಂಟರು ಅದೇ ಹೆಸರಿಗೆ ವರ್ಷವರ್ಷ ಪಾಲಿಸಿ ಮಾಡಿಸಿಕೊಡುವುದೂ ಉಂಟು. ನಿಯಮದ ಪ್ರಕಾರ ಮಾಲೀಕ ತೀರಿಕೊಂಡ 30 ದಿನದೊಳಗೆ ವಾರಸುದಾರ ಆರ್‌ಟಿಓಗೆ ತಿಳಿಸಿ, ಮೂರು ತಿಂಗಳೊಳಗೆ ವರ್ಗಾವಣೆಗೆ ಅರ್ಜಿ ಕೊಡಬೇಕು. ಪಾಲಿಸಿಯೂ ಸಾವಿನ ದಿನದಿಂದ ಮೂರು ತಿಂಗಳು ಅಥವಾ ಅದರ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಮಾತ್ರ ಉಳಿಯುತ್ತದೆ. ಮಾಲೀಕ-ಚಾಲಕನಿಗೆಂದು ಇರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ, ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ ಸಲ್ಲುವುದು. ಅಜ್ಜನ ಹೆಸರಿನ ಪಾಲಿಸಿ ಮೊಮ್ಮಗನ ಜೀವಕ್ಕೆ ಬೆಲೆ ಕಟ್ಟುವುದಿಲ್ಲ. ಕಾರನ್ನು ಕೊಂಡವರು ಸ್ವಂತ ಹಾನಿಯ ಭಾಗವನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೆಯವರ ಹೊಣೆ ಕಾನೂನಿನಂತೆ ತಾನಾಗಿ ವರ್ಗವಾಗುತ್ತದೆ.

ಪಾಲಿಸಿಗಳಲ್ಲಿ ಎರಡು ಮುಖ್ಯ ಬಗೆ. ಬರೀ ಹೊಣೆಯ ಪಾಲಿಸಿಯನ್ನು ಜನ ‘ಥರ್ಡ್ ಪಾರ್ಟಿ’ ಎನ್ನುತ್ತಾರೆ. ಅದು ಮೂರನೆಯವರ ಸಾವು ನೋವಿಗೆ ಮಿತಿಯಿಲ್ಲದೆ, ಅವರ ಆಸ್ತಿಯ ಹಾನಿಗೆ 7.5 ಲಕ್ಷ ರೂಪಾಯಿವರೆಗೆ ಹೊಣೆ ಹೊರುತ್ತದೆ. ಪ್ಯಾಕೇಜ್ ಪಾಲಿಸಿ, ಅಂದರೆ ‘ಫುಲ್ ಇನ್ಶೂರನ್ಸ್’, ಇದರ ಜೊತೆಗೆ ಬೆಂಕಿ, ಕಳವು, ಅಪಘಾತ, ನೆರೆ, ಸಿಡಿಲು ಮುಂತಾದವುಗಳಿಂದ ಕಾರಿಗೆ ಆಗುವ ಹಾನಿಯನ್ನೂ ತುಂಬಿಕೊಡುತ್ತದೆ. ಹಳೆಯ ಕಾರಿಗೆ ಥರ್ಡ್ ಪಾರ್ಟಿ ಸಾಕು ಎಂಬುದು ಸಾಮಾನ್ಯ ಅಭಿಪ್ರಾಯ. ಕಾರಿನ ತಗಡಿನ ಬೆಲೆಯನ್ನಷ್ಟೇ ನೋಡಿದರೆ ಅದು ಸರಿಯೆನಿಸಬಹುದು. ಒಳಗೆ ಕುಳಿತವರನ್ನು ನೋಡಿದರೆ ಸರಿಯಲ್ಲ. ಬಾಡಿಗೆ ಕೊಡದೆ ವಾಹನದಲ್ಲಿ ಕುಳಿತವರು ಕಾಯ್ದೆಯ ಪಾಲಿಸಿಯ ಅರ್ಥದಲ್ಲಿ ‘ಮೂರನೆಯವರು’ ಅಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ ಸ್ಕೂಟರಿನ ಹಿಂಬದಿ ಸವಾರನ ಪ್ರಕರಣದಲ್ಲಿ ತೀರ್ಮಾನಿಸಿತು. ಖಾಸಗಿ ಕಾರಿನ ಪ್ಯಾಕೇಜ್ ಪಾಲಿಸಿ ಒಳಗೆ ಕುಳಿತವರ ಹೊಣೆಯನ್ನೂ ಹೊರುತ್ತದೆ ಎಂದು ವಿಮಾ ಪ್ರಾಧಿಕಾರ 2009ರ ನವೆಂಬರ್ 16ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿತು. ಸೀಟ್ ಬೆಲ್ಟ್ ಇಲ್ಲದ, ಏರ್‌ಬ್ಯಾಗಿನ ಮಾತೇ ಇಲ್ಲದ 1970ರ ದಶಕದ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ದೀಪವಿಲ್ಲದ ಚಕ್ಕಡಿ, ಕಬ್ಬಿನ ಟ್ರ್ಯಾಕ್ಟರ್‌ಗಳ ನಡುವೆ ರಾತ್ರಿ ಹೋಗುವವನಿಗೆ ಪ್ಯಾಕೇಜ್ ಪಾಲಿಸಿಯೇ ಬೇಕು. ಅದನ್ನು ಕೊಡಲು ಕಂಪನಿ ಒಪ್ಪದಿದ್ದರೆ ಥರ್ಡ್ ಪಾರ್ಟಿಯ ಜೊತೆಗೇ, ಹೆಸರು ಬರೆಸದ ಪ್ರಯಾಣಿಕರಿಗೆ ತಲಾ 2 ಲಕ್ಷ ರೂಪಾಯಿವರೆಗಿನ ಅಪಘಾತ ವಿಮೆ ಸೇರಿಸಬಹುದು. ಸಂಬಳದ ಚಾಲಕನಿದ್ದರೆ ಅವನ ಹೊಣೆಗೂ ಸಣ್ಣ ಮೊತ್ತ ಕಟ್ಟಬೇಕು.

ಸ್ವಂತ ಹಾನಿಯ ವಿಮೆಯ ತಳಪಾಯ ಐಡಿವಿ, ಅಂದರೆ ಮಾಲೀಕ ಘೋಷಿಸಿದ ಮೌಲ್ಯ. ಐದು ವರ್ಷದವರೆಗಿನ ಕಾರಿಗೆ ಇದರ ಸವಕಳಿಯ ಪಟ್ಟಿ ಇದೆ. ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 50. ಐದು ವರ್ಷ ದಾಟಿದ ಮತ್ತು ತಯಾರಿಕೆ ನಿಂತ ಮಾದರಿಗಳಿಗೆ ಪಟ್ಟಿ ಇಲ್ಲ. ಮಾಲೀಕನೂ ಕಂಪನಿಯೂ ಮಾತಾಡಿ ಒಪ್ಪಿದ ಅಂಕಿಯೇ ಐಡಿವಿ. ಈ ಒಂದು ವಾಕ್ಯ ಹಳೆಯ ಕಾರಿನ ಮಾಲೀಕನಿಗೆ ಕಾನೂನು ಕೊಟ್ಟ ಹಿಡಿತ. ಆದರೆ ಬಹುಮಂದಿ ಏಜೆಂಟ್ ಬರೆದ ಅಂಕಿಗೆ ಸಹಿ ಹಾಕಿ ಅದನ್ನು ಬಿಟ್ಟುಕೊಡುತ್ತಾರೆ. ಟ್ಯಾರಿಫ್ ಕಾಲದಲ್ಲಿ ಹತ್ತು ವರ್ಷ ದಾಟಿದ, 1000ದಿಂದ 1500 ಸಿಸಿಯ ಕಾರಿಗೆ ದೊಡ್ಡ ನಗರಗಳ ಹೊರಗಿನ ‘ಬಿ’ ವಲಯದಲ್ಲಿ ಐಡಿವಿಯ ಶೇ. 3.430 ಕಂತು ಇತ್ತು; ಹಂಸಭಾವಿ ಇದೇ ವಲಯದ್ದು. 2007ರ ಜನವರಿ 1ರಿಂದ ಈ ದರ ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದಾಗಿದೆ, ಆದರೂ ಅಂದಾಜಿಗೆ ಆ ಅಂಕಿ ಸಾಕು. ಐಡಿವಿ 1 ಲಕ್ಷವಾದರೆ ಕಂತು 3,430 ರೂಪಾಯಿ, 2 ಲಕ್ಷವಾದರೆ 6,860. ಕ್ಲೇಮಿಲ್ಲದೆ ಐದು ವರ್ಷ ಕಳೆದವರಿಗೆ ಶೇ. 50 ಬೋನಸ್ ಸಿಕ್ಕರೆ ಎರಡನೆಯದೂ 3,430ಕ್ಕೆ ಇಳಿಯುತ್ತದೆ. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಯಿತು.

ಕಡಿಮೆ ಐಡಿವಿಯ ಕೆಡುಕು ಗೊತ್ತಾಗುವುದು ಅಪಘಾತದ ದಿನ. ದುರಸ್ತಿಯ ವೆಚ್ಚ ಐಡಿವಿಯ ಶೇ. 75 ದಾಟಿದರೆ ಕಾರನ್ನು ಪೂರ್ಣ ನಷ್ಟವೆಂದು ಲೆಕ್ಕ ಹಾಕುತ್ತಾರೆ. 60,000 ರೂಪಾಯಿಗೆ ಬರೆಸಿದ ಅಂಬಾಸಡರ್‌ಗೆ 45,000 ದಾಟಿದ ದುರಸ್ತಿ ಬಂದರೆ ಸಾಕು, ಮನೆಯವರಿಗೆ ಅಮೂಲ್ಯವಾದ ಕಾರು ಕಂಪನಿಯ ಪುಸ್ತಕದಲ್ಲಿ ಗುಜರಿಯಾಗುತ್ತದೆ. ಇದನ್ನು ತಪ್ಪಿಸಲು, ನವೀಕರಣಕ್ಕೆ ಮೊದಲು ಕಾರಿನ ನಾಲ್ಕೂ ಬದಿ, ಎಂಜಿನ್, ಒಳಭಾಗದ ಫೋಟೋಗಳನ್ನು, ಪೇಂಟಿಂಗ್, ಎಂಜಿನ್ ಕೆಲಸದ ಬಿಲ್ಲುಗಳನ್ನು, ಸಾಧ್ಯವಾದರೆ ಪರವಾನಗಿ ಪಡೆದ ಮೌಲ್ಯಮಾಪಕರ ವರದಿಯನ್ನು ಕಂಪನಿಯ ಮುಂದಿಟ್ಟು ಹೆಚ್ಚಿನ ಮೌಲ್ಯ ಕೇಳಬೇಕು. ಒಪ್ಪಿದ ಅಂಕಿ ಪಾಲಿಸಿಯ ಮೇಲೆ ಅಚ್ಚಾಗಿದೆಯೇ ಎಂದು ನೋಡಿಕೊಳ್ಳಬೇಕು.

ಭಾಗಶಃ ಹಾನಿಯಲ್ಲಿ ಬಿಡಿಭಾಗದ ಸವಕಳಿ ಕಳೆಯುತ್ತಾರೆ. ಇಂದಿನ ಪಾಲಿಸಿಗಳ ಒಕ್ಕಣೆ ಬಹುಮಟ್ಟಿಗೆ ಹಳೆಯ ಟ್ಯಾರಿಫಿನಿಂದಲೇ ಬಂದದ್ದು: ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೆ ಶೇ. 50, ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ ಶೇ. 50, ಫೈಬರ್‌ಗೆ ಶೇ. 30, ಗಾಜಿಗೆ ಸವಕಳಿ ಇಲ್ಲ. ಸವಕಳಿ ಕಳೆಯದ ‘ಜೀರೋ ಡೆಪ್’ ಸೌಲಭ್ಯ ಇಷ್ಟು ಹಳೆಯ ಕಾರಿಗೆ ಸಿಗುವುದಿಲ್ಲವೆಂದೇ ತಿಳಿಯಬೇಕು. ಕೂಲಿಗೆ ಮಾತ್ರ ಸವಕಳಿ ಇಲ್ಲ, ಹಳೆಯ ಕಾರಿಗೆ ಅನುಕೂಲವಾಗಿರುವುದು ಇದೇ. 24,000 ರೂಪಾಯಿಯ ತಗಡಿನ ಭಾಗಗಳು, 10,000 ಕೂಲಿ, 6,000 ಪೇಂಟಿಂಗ್ ಸೇರಿ 40,000ದ ಬಿಲ್ಲನ್ನು ತೆಗೆದುಕೊಂಡರೆ, ಭಾಗಗಳಿಗೆ 12,000, ಕೂಲಿಗೆ ಪೂರ್ತಿ 10,000 ಸಿಗುತ್ತದೆ. ಪೇಂಟಿಂಗಿನ ಒಟ್ಟು ಬಿಲ್ಲಿನಲ್ಲಿ ಕಾಲುಭಾಗವನ್ನು ಬಣ್ಣದ ಬೆಲೆಯೆಂದು ಹಿಡಿದು ಅದರಲ್ಲಿ ಅರ್ಧ ಕಳೆಯುವುದರಿಂದ 5,250 ಉಳಿಯುತ್ತದೆ. 1500 ಸಿಸಿವರೆಗಿನ ಕಾರಿನ ಮಾಲೀಕ ತಾನೇ ಭರಿಸಬೇಕಾದ 1,000 ಕಳೆದರೆ ಕೈಗೆ ಬರುವುದು 26,250. ಅದೇ ತಗಡನ್ನು ಬದಲಿಸದೆ ಟಿಂಕರಿಂಗ್ ಮಾಡಿಸಿ ನೇರ್ಪುಗೊಳಿಸಿದರೆ ಬಿಲ್ಲಿನ ದೊಡ್ಡ ಪಾಲು ಕೂಲಿಯಾಗುತ್ತದೆ, ಸಿಗುವ ಪಾಲೂ ಹೆಚ್ಚುತ್ತದೆ. ಹೊಸ ಕಾರಿನ ವರ್ಕ್‌ಶಾಪಿನಲ್ಲಿ ಇಂಥ ಕೆಲಸಕ್ಕೆ ಜಾಗ ಕಡಿಮೆ. ಹಳೆಯ ಅಂಬಾಸಡರ್ ಬಲ್ಲ ಮಿಸ್ತ್ರಿಯ ಕೈಗೆ ಅದು ಸಹಜವಾದದ್ದು. ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಹುಡುಕಿದರೂ ಸಿಗದ ಭಾಗಗಳಿರುವಾಗ ಕಾರಿನ ಮೂಲ ತಗಡು ಉಳಿಯುವುದೂ ಇದರಿಂದಲೇ.

ಪಾಲಿಸಿ ಒಪ್ಪದ ಬಳಕೆಗಳನ್ನು ಈ ಭಾಗದ ಮಾಲೀಕರು ವಿಶೇಷವಾಗಿ ಗಮನಿಸಬೇಕು. ಖಾಸಗಿ ಕಾರಿನ ಪಾಲಿಸಿ ಬಾಡಿಗೆಗೆ, ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಣೆಗೆ, ಸ್ಪರ್ಧೆ ಮತ್ತು ವೇಗಪರೀಕ್ಷೆಗೆ ರಕ್ಷಣೆ ಕೊಡುವುದಿಲ್ಲ. ಮದುವೆಯ ಮೆರವಣಿಗೆಗೆ ಹೂವು ಕಟ್ಟಿಸಿ ಹಣ ಪಡೆದು ಕಳಿಸಿದ ತೆರೆದ ಜೀಪು ಬಾಡಿಗೆಯ ವಾಹನವಾಗುತ್ತದೆ. ಹಿಂದಿನ ಸೀಟು ತೆಗೆದು ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೇರಿದ ಅಂಬಾಸಡರ್ ಸರಕಿನ ಗಾಡಿಯಾಗುತ್ತದೆ. ಬಾಡಿಗೆಗೆ ಬಳಸಿದಂಥ ಉಲ್ಲಂಘನೆಯಲ್ಲಿ ನ್ಯಾಯಮಂಡಳಿ ಗಾಯಾಳುವಿಗೆ ಪರಿಹಾರ ಕೊಡಿಸಿದರೂ, ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಲು ಕಂಪನಿಗೆ ಅನುಮತಿ ನೀಡುವುದುಂಟು. ಹೊಲ ಅಡವಿಡಬೇಕಾಗಿ ಬರುವಷ್ಟು ದೊಡ್ಡ ಹೊರೆ ಅದು. ರ್‍ಯಾಲಿಗೆ ಹೋಗುವವರು ಮುಂಚಿತವಾಗಿ ಕಂಪನಿಗೆ ತಿಳಿಸಿ ಪ್ರತ್ಯೇಕ ಒಪ್ಪಿಗೆ ಬರೆಸಿಕೊಳ್ಳಬೇಕು.

ಎಂಜಿನ್ ಬದಲಾವಣೆ ಇನ್ನೊಂದು ಗುಂಡಿ. ಪೆಟ್ರೋಲ್ ಜೀಪಿಗೂ ಅಂಬಾಸಡರಿಗೂ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಕಾಲದಲ್ಲಿ ಎಲ್ಲೆಡೆ ನಡೆದದ್ದು. ಕಾಯ್ದೆಯ 52ನೆಯ ಕಲಮಿನಂತೆ ನೋಂದಣಿ ಅಧಿಕಾರಿಯ ಅನುಮತಿ ಇಲ್ಲದೆ ಇದು ಸಲ್ಲದು, ಆರ್‌ಸಿಯಲ್ಲಿ ದಾಖಲಾಗದ ಎಂಜಿನ್ ಸಂಖ್ಯೆ ಹಾನಿ ಅಂದಾಜಿಸುವ ಸರ್ವೇಯರನ ಕಣ್ಣಿಗೆ ಮೊದಲು ಬೀಳುತ್ತದೆ. ಗ್ಯಾಸ್ ಕಿಟ್ ಕೂಡ ಆರ್‌ಸಿಯಲ್ಲಿಯೂ ಪಾಲಿಸಿಯಲ್ಲಿಯೂ ಬರೆಸಿರಬೇಕು. ಟ್ಯಾರಿಫಿನ ಲೆಕ್ಕದಲ್ಲಿ ಕಿಟ್ಟಿನ ಬೆಲೆಯ ಶೇ. 4 ಹೆಚ್ಚುವರಿ ಕಂತು. ಸವೆತ, ತುಕ್ಕು, ಯಾಂತ್ರಿಕ ಮತ್ತು ವಿದ್ಯುತ್ ಕೆಡುಕು ವಿಮೆಯ ಹೊರಗಿನ ಮಾತು. ಆದರೆ ಹಳೆಯ ವೈರಿಂಗಿನಿಂದ ಕಾರು ತಾನಾಗಿ ಹೊತ್ತಿಕೊಂಡರೆ ಅದು ಬೆಂಕಿಯ ಹಾನಿ, ಪ್ಯಾಕೇಜ್ ಪಾಲಿಸಿಯಲ್ಲಿ ಸೇರುತ್ತದೆ. ಬಟ್ಟೆ ಸುತ್ತಿದ ಹಳೆಯ ವೈರುಗಳನ್ನು ಬದಲಿಸಿ ಫ್ಯೂಸ್ ಸರಿಪಡಿಸಿಕೊಳ್ಳುವುದು ಹೇಗೂ ಒಳ್ಳೆಯದು.

ಪಾಲಿಸಿಯ ಅವಧಿ ಮುಗಿದುಹೋಗಿ ಮತ್ತೆ ಮಾಡಿಸುವಾಗ ಕಂಪನಿ ಕಾರನ್ನು ತಪಾಸಣೆ ಮಾಡುತ್ತದೆ, ಹಳೆಯ ಹಾನಿಗಳನ್ನು ಬರೆದುಕೊಳ್ಳುತ್ತದೆ. ಅಪಘಾತವಾದಾಗ ಕೂಡಲೇ ಕಂಪನಿಗೆ ತಿಳಿಸಿ, ಯಾರಿಗಾದರೂ ಗಾಯವಾಗಿದ್ದರೆ ಅಥವಾ ಕಾರು ಕಳವಾಗಿದ್ದರೆ ಠಾಣೆಯಲ್ಲಿ ದೂರು ಕೊಟ್ಟು, ಸರ್ವೇಯರ್ ನೋಡುವ ಮೊದಲು ಕಾರನ್ನು ಬಿಚ್ಚದೆ ಇರಬೇಕು. ಹಳೆಯ ಕಾರು ಬಲ್ಲ ಗ್ಯಾರೇಜು ಕಂಪನಿಯ ಕ್ಯಾಶ್‌ಲೆಸ್ ಪಟ್ಟಿಯಲ್ಲಿ ಇರುವುದು ವಿರಳ. ಆದ್ದರಿಂದ ಮೊದಲು ಕೈಯಿಂದ ಕೊಟ್ಟು ಆಮೇಲೆ ಪಡೆಯುವ ಕ್ರಮಕ್ಕೆ ಸಿದ್ಧರಿರಬೇಕು. ಮಿಸ್ತ್ರಿಯಿಂದ ಭಾಗ, ಕೂಲಿ, ಬಣ್ಣ ಬೇರೆಬೇರೆ ಬರೆದ ಅಂದಾಜುಪಟ್ಟಿಯನ್ನು ಮೊದಲೂ ಬಿಲ್ಲನ್ನು ಕೊನೆಗೂ ಪಡೆಯಬೇಕು. ಬಿಲ್ಲಿಲ್ಲದ ಒಳ್ಳೆಯ ಕೆಲಸಕ್ಕೆ ವಿಮೆಯಲ್ಲಿ ಬೆಲೆ ಇಲ್ಲ. ಪೂರ್ಣ ನಷ್ಟವಾದಾಗ ಗುಜರಿ ಬೆಲೆ ಕಳೆದು ಉಳಿದ ಹಣ ಪಡೆದು ಕಾರನ್ನು ಮನೆಯಲ್ಲೇ ಉಳಿಸಿಕೊಳ್ಳುವಂತೆ ಕೇಳಬಹುದು.

ಕಂಪನಿಯ ತೀರ್ಮಾನ ಸಮ್ಮತವಾಗದಿದ್ದರೆ ಮೊದಲು ಅದರ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ಅಲ್ಲಿ ವಕೀಲರ ಅಗತ್ಯವಿಲ್ಲ. ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ತೆರೆದಿದೆ.